ಮಿದುಳನ್ನು ಬದಲಿಸುವ ಮುನ್ನ



ಭಾನುವಾರದಂದು ಕುರ್ಲಾ, ಠಾಣೆಗಳ ಕಡೆ ಲೋಕಲ್ ರೈಲಿನಲ್ಲಿ ಪ್ರಯಾಣ ಮಾಡಿದವರಿಗೆ ‘ಮೆಗಾ ಬ್ಲಾಕ್’ ಎಂಬ ಮಾತು ಹೊಸದಲ್ಲ. ಹಳಿಯನ್ನೋ ಮೇಲಿನ ತಂತಿಯನ್ನೋ ದುರಸ್ತು ಮಾಡಬೇಕಾದಾಗ ರೈಲ್ವೆಯವರು ಮುಂಚಿತವಾಗಿ ಜನರಿಗೆ ತಿಳಿಸುತ್ತಾರೆ. ಗಾಡಿಗಳನ್ನು ಬೇರೆ ಹಳಿಗೆ ತಿರುಗಿಸುತ್ತಾರೆ. ತಂತಿಯಲ್ಲಿ ಹರಿಯುವ ೨೫,೦೦೦ ವೋಲ್ಟಿನ ವಿದ್ಯುತ್ತನ್ನು ನಿಲ್ಲಿಸುತ್ತಾರೆ. ಇಷ್ಟಾದರೂ ಕೆಲಸಗಾರನು ತಂತಿಯನ್ನು ಮುಟ್ಟುವುದಿಲ್ಲ. ನೆರೆಯ ತಂತಿಗಳ ಪ್ರಭಾವದಿಂದ ಅದರಲ್ಲಿ ಇನ್ನೂ ವಿದ್ಯುತ್ತು ಇರಬಹುದು. ಆದಕಾರಣ ಕೆಲಸದ ಸ್ಥಳದ ಎರಡೂ ಬದಿಗಳಲ್ಲಿ ಸರಳುಗಳ ಮೂಲಕ ತಂತಿಯನ್ನು ಭೂಮಿಗೆ ಜೋಡಿಸಿದ ಮೇಲೆಯೇ ಅವನು ಕೈಹಾಕುತ್ತಾನೆ.

ನಮ್ಮ ಈ ನಗರದಲ್ಲಿಯೇ ಇನ್ನೊಂದು ಬಗೆಯ ಕೆಲಸದಲ್ಲಿ ಇದೇ ಕ್ರಮ ಪಾಲನೆಯಾಗುತ್ತದೆ. ನಾವು ಮೊಬೈಲಿನಲ್ಲಿ ರೈಲಿನ ಟಿಕೆಟನ್ನು ಕೊಳ್ಳುವಾಗ, ಅಥವಾ ಊರಿನಲ್ಲಿರುವ ಅಜ್ಜಿಗೆ ಹಣ ಕಳುಹಿಸುವಾಗ, ನಮ್ಮ ಕೋರಿಕೆಯನ್ನು ಸ್ವೀಕರಿಸಿ ಉತ್ತರವೀಯುವ ಗಣಕಯಂತ್ರವೊಂದು ಎಲ್ಲಿಯೋ ಇರುತ್ತದೆ. ಅದಕ್ಕೆ ‘ಸರ್ವರ್’ ಎಂದು ಹೆಸರು. ಐರೋಲಿ, ಪವಾಯಿ ಮುಂತಾದೆಡೆಗಳ ದೊಡ್ಡ ಕಟ್ಟಡಗಳಲ್ಲಿ ಇಂತಹ ಸಾವಿರಾರು ಯಂತ್ರಗಳು ಹಗಲಿರುಳು ದುಡಿಯುತ್ತಿವೆ. ಇವುಗಳನ್ನು ‘ರ‍್ಯಾಕ್’ ಎಂಬ ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು ಇರಿಸುತ್ತಾರೆ. ಅದರ ಅಗಲದ ಅಳತೆ ೧೯ ಅಂಗುಲ. ಒಂದು ಅಂತಸ್ತಿನ ಎತ್ತರ ಒಂದೂ ಮುಕ್ಕಾಲು ಅಂಗುಲ. ಇಂತಹ ೪೨ ಅಂತಸ್ತುಗಳಿರುವುದು ವಾಡಿಕೆ.

ಸರ್ವರಿನ ಮಿದುಳೇ ಪ್ರೊಸೆಸರ್. ೧೯೬೦ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ಗಣಕಯಂತ್ರವೊಂದನ್ನು ತಾವೇ ಕಟ್ಟಿ ಮುಗಿಸಿದರು. ೧೯೬೨ರಲ್ಲಿ ಅದಕ್ಕೆ ‘ಟಿಫ್ರಾಕ್’ ಎಂದು ಹೆಸರಾಯಿತು. ಅದರಲ್ಲಿ ಸುಮಾರು ೨,೭೦೦ ನಿರ್ವಾತ ನಳಿಕೆಗಳಿದ್ದವು. ನಳಿಕೆಯೊಂದು ಕೆಟ್ಟರೆ ದೀಪದ ಬುರುಡೆಯಂತೆ ಅದೊಂದನ್ನೇ ಬದಲಿಸಬಹುದಾಗಿತ್ತು. ಇಂದು ಅಂಗೈಯಲ್ಲಿ ಅಡಗುವ ಪ್ರೊಸೆಸರಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಅದು ಕೆಟ್ಟರೆ ಬಿಡಿಸಿ ದುರಸ್ತು ಮಾಡುವಂತಿಲ್ಲ, ಇಡಿಯಾಗಿಯೇ ಬದಲಿಸಬೇಕು. ಬದಲಿಸುವ ಕೆಲಸ ಕೆಲವು ನಿಮಿಷಗಳದು. ಅದಕ್ಕೆ ಮುನ್ನ ನಡೆಯಬೇಕಾದ ಸಿದ್ಧತೆಯೇ ದೊಡ್ಡದು. ಅದನ್ನೀಗ ಕ್ರಮವಾಗಿ ನೋಡೋಣ.

ಮೊದಲನೆಯದು ವಿಚಾರಣೆ. ಹೊಸ ಪ್ರೊಸೆಸರು ಈ ಯಂತ್ರಕ್ಕೆ ಒಗ್ಗುವುದೇ ಎಂಬುದನ್ನು ತಯಾರಕರ ಪಟ್ಟಿಯಲ್ಲಿ ನೋಡತಕ್ಕದ್ದು. ಯಂತ್ರವನ್ನು ಚಾಲೂ ಮಾಡಿದೊಡನೆ ಅದನ್ನು ಎಚ್ಚರಿಸುವ ‘ಬಯೋಸ್’ ಎಂಬ ಮೂಲ ಕ್ರಮವಿಧಿ ಒಂದಿದೆ. ಅದು ಹಳೆಯದಾಗಿದ್ದರೆ ಹೊಸ ಪ್ರೊಸೆಸರಿನ ಗುರುತು ಹಿಡಿಯಲಾರದು. ಯಂತ್ರವು ಏಳುವುದೇ ಇಲ್ಲ. ಆದುದರಿಂದ ಹಳೆಯ ಪ್ರೊಸೆಸರು ತನ್ನ ಸ್ಥಾನದಲ್ಲಿ ಇರುವಾಗಲೇ ಬಯೋಸನ್ನು ಹೊಸದಾಗಿಸಬೇಕು.

ಎರಡನೆಯದು ರಕ್ಷಣೆ. ಯಂತ್ರವನ್ನು ನಂಬಿದವರಿಗೆಲ್ಲ ದಿನವನ್ನೂ ವೇಳೆಯನ್ನೂ ಮುಂಚಿತವಾಗಿ ತಿಳಿಸಬೇಕು. ಅದರಲ್ಲಿರುವ ಮಾಹಿತಿಯ ನಕಲನ್ನು ಬೇರೆಡೆ ತೆಗೆದಿರಿಸಬೇಕು. ಆ ನಕಲು ಸರಿಯಾಗಿ ತೆರೆಯುವುದೇ ಎಂದೂ ಪರೀಕ್ಷಿಸಬೇಕು. ತೆರೆಯದ ನಕಲು ಬೀಗದ ಕೈ ಕಳೆದುಹೋದ ಪೆಟ್ಟಿಗೆಯಂತೆ. ಆ ಬಳಿಕ ಯಂತ್ರದ ಕೆಲಸವನ್ನು ಮತ್ತೊಂದು ಸರ್ವರಿಗೆ ವಹಿಸಬೇಕು.

ಮೂರನೆಯದು ಗುರುತು. ರ‍್ಯಾಕಿನ ಹಿಂದೆ ಹೋಗಿ ನಿಂತರೆ ಎಲ್ಲ ಯಂತ್ರಗಳೂ ಅವಳಿಗಳಂತೆ ಕಾಣುತ್ತವೆ. ಬೇಕಾದ ಯಂತ್ರದ ಮುಂದೆಯೂ ಹಿಂದೆಯೂ ಬೆಳಗುವ ಗುರುತಿನ ದೀಪವನ್ನು ಹೊತ್ತಿಸಿ, ಅಂಟಿಸಿರುವ ಸಂಖ್ಯೆಯನ್ನು ಓದಿ, ಜೊತೆಗಾರನಿಂದಲೂ ಓದಿಸಬೇಕು. ಹಾಗೆ ಮಾಡದೆ ನೆರೆಯ ಯಂತ್ರದ ತಂತಿಯನ್ನು ಕಿತ್ತರೆ, ಅದನ್ನು ನಂಬಿದ್ದ ಆಸ್ಪತ್ರೆಯ ಕಿಟಕಿಯಲ್ಲಿ ರೋಗಿಯೊಬ್ಬನ ಚೀಟಿ ಆ ಕ್ಷಣದಲ್ಲಿಯೇ ನಿಂತುಹೋದೀತು. ಪ್ರತಿಯೊಂದು ತಂತಿಗೂ ಅದು ಸೇರುವ ಸ್ಥಾನವನ್ನು ಬರೆದ ಚೀಟಿಯನ್ನು ಕಟ್ಟಬೇಕು.

ನಾಲ್ಕನೆಯದು ವಿದ್ಯುತ್ತನ್ನು ನಿಲ್ಲಿಸುವುದು. ಯಂತ್ರಕ್ಕೆ ಆಜ್ಞೆಯನ್ನಿತ್ತು ಅದು ತನ್ನ ಕೆಲಸವನ್ನು ತಾನೇ ಮುಗಿಸಿ ಮಲಗುವಂತೆ ಮಾಡಬೇಕು. ಮಲಗಿದ ಯಂತ್ರ ನಿರ್ಜೀವವಾದುದೆಂದು ಎಣಿಸಬಾರದು; ತಂತಿ ಜೋಡಿಸಿರುವ ತನಕ ಒಳಗಿನ ಫಲಕದಲ್ಲಿ ಅಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಸರ್ವರಿಗೆ ಸಾಮಾನ್ಯವಾಗಿ ಎರಡು ವಿದ್ಯುತ್ ತಂತಿಗಳು. ಒಂದು ತಪ್ಪಿದರೆ ಇನ್ನೊಂದು ಆಧಾರವಾಗಲೆಂದು ಈ ಏರ್ಪಾಡು. ಆದಕಾರಣ ಎರಡನ್ನೂ ಕೀಳಬೇಕು. ಆಮೇಲೂ ಕೆಪ್ಯಾಸಿಟರುಗಳಲ್ಲಿ ಸ್ವಲ್ಪ ವಿದ್ಯುತ್ತು ಉಳಿದಿರುತ್ತದೆ. ಯಂತ್ರದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಅದನ್ನು ಬರಿದುಮಾಡಿ, ಮುಂದೆ ಒಳಗಿನ ದೀಪಗಳೆಲ್ಲ ಆರಿವೆಯೆಂದು ಕಂಡ ಮೇಲೆಯೇ ಒಳಗೆ ಕೈಯಿಡತಕ್ಕದ್ದು. ರೈಲಿನ ತಂತಿಯನ್ನು ಭೂಮಿಗೆ ಜೋಡಿಸುವವನ ವಿವೇಕವೂ ಇದೇ ಅಲ್ಲವೆ?

ಐದನೆಯದು ಯಂತ್ರವನ್ನು ಹೊರಗೆಳೆಯುವುದು. ರ‍್ಯಾಕು ಮುಗ್ಗರಿಸದಂತೆ ಅದರ ಆಸರೆಯ ಕಾಲುಗಳು ಸರಿಯಾಗಿವೆಯೇ ಎಂದು ನೋಡಿ, ಒಂದು ವೇಳೆಗೆ ಒಂದೇ ಯಂತ್ರವನ್ನು ಎಳೆಯಬೇಕು. ಎರಡು ಮೂರನ್ನು ಎಳೆದರೆ ಭಾರಕೇಂದ್ರವು ಮುಂದೆ ಸರಿದು ಇಡೀ ಕಪಾಟೇ ಮೇಲೆ ಬೀಳಬಹುದು. ಯಂತ್ರವನ್ನು ಮೇಜಿನ ಮೇಲಿಡಬೇಕಾದರೆ ಇಬ್ಬರು ಕೂಡಿಯೇ ಎತ್ತತಕ್ಕದ್ದು. ಅದು ಇಪ್ಪತ್ತು, ಮೂವತ್ತು ಕಿಲೋ ತೂಗುವುದುಂಟು.

ಆರನೆಯದು ನಮ್ಮ ಮೈಯಲ್ಲಿರುವ ವಿದ್ಯುತ್ತು! ತಲೆ ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದನ್ನು ನೀವು ಬಲ್ಲಿರಿ. ನಡೆಯುವಾಗ ಬಟ್ಟೆ, ಪಾದರಕ್ಷೆಗಳ ಉಜ್ಜುವಿಕೆಯಿಂದ ಇದೇ ಸ್ಥಿರವಿದ್ಯುತ್ತು ನಮ್ಮ ಮೈಯಲ್ಲಿ ಸೇರುತ್ತದೆ. ಅದು ಸುಮಾರು ೩,೦೦೦ ವೋಲ್ಟು ಆಗುವ ತನಕ ಕೈಗೆ ಚುರುಕೆನ್ನುವುದಿಲ್ಲ. ಆದರೆ ನೂರು ವೋಲ್ಟಿಗೂ ಕಡಮೆಯಾದುದೇ ಕೆಲವು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲುದು. ಮುಂಬಯಿಯ ಮಳೆಗಾಲದ ತೇವದಲ್ಲಿ ಬಾಚಣಿಗೆಯ ಆಟ ಸರಿಯಾಗಿ ಸಾಗದು. ಸರ್ವರಿನ ಕೋಣೆಯ ಗಾಳಿಯಾದರೋ ತಂಪು ಮಾಡಿದ ಒಣ ಗಾಳಿ. ಹೊರಗೆ ಮಳೆಯಿದೆಯೆಂದು ಮೈಮರೆಯಬಾರದು. ಇದಕ್ಕಾಗಿ ಮಣಿಕಟ್ಟಿಗೆ ಒಂದು ಪಟ್ಟಿಯನ್ನು ಕಟ್ಟಿ, ಅದರ ತಂತಿಯನ್ನು ರ‍್ಯಾಕಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸುತ್ತಾರೆ. ತಂತಿಯಲ್ಲಿ ೧೦ ಲಕ್ಷ ಓಮುಗಳ ರೋಧಕವಿರುತ್ತದೆ. ಏಕೆ? ಓಮನ ನಿಯಮದಂತೆ ಲೆಕ್ಕ ಹಾಕಿರಿ. ಅಕಸ್ಮಾತ್ತಾಗಿ ೨೩೦ ವೋಲ್ಟಿನ ತಂತಿ ಕೈಗೆ ತಾಗಿದರೆ, ೨೩೦ನ್ನು ೧೦,೦೦,೦೦೦ದಿಂದ ಭಾಗಿಸಿದಾಗ ೦.೦೦೦೨೩ ಆಂಪಿಯರ್. ಪಟ್ಟಿಯ ಮೂಲಕ ಅದಕ್ಕಿಂತ ಹೆಚ್ಚು ಹರಿಯಲಾರದು. ಹಾಗೆಂದು ತಂತಿಯನ್ನು ಕೀಳದೆ ಪಟ್ಟಿಯನ್ನೇ ನೆಚ್ಚಬಾರದು. ಪಟ್ಟಿಯಿರುವುದು ಮುಖ್ಯವಾಗಿ ಪ್ರೊಸೆಸರನ್ನು ಕಾಯಲು.

ಏಳನೆಯದು ತಾಳ್ಮೆ. ಪ್ರೊಸೆಸರಿನ ಮೇಲೆ ಶಾಖವನ್ನು ಹೀರುವ ಲೋಹದ ಗಟ್ಟಿಯಿರುತ್ತದೆ. ಅದು ತಣಿಯುವ ತನಕ ಕಾಯಬೇಕು. ಆ ಹೊತ್ತಿನಲ್ಲಿ ತಿರುಪುಳಿ, ನೂಲೇಳದ ಬಟ್ಟೆ, ಹೊಸ ಶಾಖಲೇಪ ಇವನ್ನು ಹೊಂದಿಸಿಕೊಳ್ಳಬಹುದು. ಪ್ರೊಸೆಸರು ಕೂರುವ ಪೀಠದಲ್ಲಿ ಕೂದಲಿನಂತಹ ಸಾವಿರಾರು ಮೊನೆಗಳಿರುತ್ತವೆ. ಒಂದು ಬಗೆಯ ಪೀಠದಲ್ಲಿ ೪,೧೮೯. ಒಂದು ಮೊನೆ ಬಾಗಿದರೂ ಫಲಕವೇ ವ್ಯರ್ಥವಾದೀತು. ಅವುಗಳಿಗೆ ಬೆರಳು ಸೋಕಬಾರದು; ಪ್ರೊಸೆಸರನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು; ಹೊಸದನ್ನು ಕೂರಿಸುವ ಕ್ಷಣದವರೆಗೆ ಅದರ ಹೊದಿಕೆಯಿಂದ ಹೊರಗೆ ತೆಗೆಯಲಾಗದು.

ಇಷ್ಟು ನಡೆದರೆ ಸಿದ್ಧತೆ ಮುಗಿಯಿತು. ಈ ಏಳರಲ್ಲಿ ಯಾವುದೊಂದಕ್ಕೂ ಅಸಾಧಾರಣ ಜಾಣ್ಮೆ ಬೇಕಿಲ್ಲ. ಯಾವುದನ್ನೂ ಬಿಡದಿರುವ ನಿಷ್ಠೆ ಬೇಕು. ಆತುರಗಾರನಿಗೆ ಬುದ್ಧಿ ಮಟ್ಟವೆಂದು ನಮ್ಮ ಹಿರಿಯರು ಹೇಳಿದ್ದಾರೆ. ನಮ್ಮ ಹಿರಿಯರಲ್ಲಿ ಅನೇಕರು ಈ ನಗರಕ್ಕೆ ಬಂದು ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿದರು. ನಿಮ್ಮಲ್ಲಿ ಕೆಲವರು ನಾಳೆ ಇಂತಹ ಯಂತ್ರಶಾಲೆಗಳನ್ನು ಹೊಗಬಹುದು. ಅಲ್ಲಿ ನೀವು ಮುಟ್ಟುವ ಯಂತ್ರದ ಹಿಂದೆ ನೀವು ಎಂದೂ ಕಾಣದ ಸಾವಿರಾರು ಜನರಿರುತ್ತಾರೆ. ಮುಂದಿನ ಭಾನುವಾರ ರೈಲಿಗಾಗಿ ಕಾಯಬೇಕಾಗಿ ಬಂದರೆ ಬೇಸರಿಸದಿರಿ. ಹಳಿಯ ಮೇಲೆ ಯಾರೋ ಒಬ್ಬರು ತಂತಿಯನ್ನು ಮುಟ್ಟುವ ಮುನ್ನ ಅದನ್ನು ಭೂಮಿಗೆ ಜೋಡಿಸುತ್ತಿದ್ದಾರೆ.