ಹಾವುರಾಣಿಯ ಭಯಕ್ಕೆ ಎರಡು ದಾರಿ

ಭದ್ರಾವತಿಯ ಅಡಿಕೆ ತೋಟದ ದರಗಿನಲ್ಲಿ ಹಾವುರಾಣಿ ಸರಕ್ಕನೆ ಮರೆಯಾದರೆ ಅದರ ಭಯವೂ ಅಲ್ಲಿಗೇ ಮುಗಿಯಿತೆಂದುಕೊಳ್ಳುತ್ತೇವೆ. ಹಲ್ಲಿ ಜಾತಿಯ ಪ್ರಾಣಿಗಳ ಶರೀರಕ್ರಿಯೆ ಓದುತ್ತ, ಪಾಠ ಹೇಳುತ್ತ ನನಗೆ ಮನದಟ್ಟಾದದ್ದು ಬೇರೆ: ಓಟ ನಿಂತ ಮೇಲೂ ಮೆದುಳಿನ ಆಜ್ಞೆ ರಕ್ತದಲ್ಲಿ ಹರಿಯುತ್ತಿರುತ್ತದೆ. ನಮಗೆ ಅಡ್ರಿನಲ್ ಗ್ರಂಥಿ ಮೂತ್ರಪಿಂಡದ ನೆತ್ತಿಯ ಮೇಲಿದ್ದರೆ, ಇವಕ್ಕೆ ಅದು ವೃಷಣ ಅಥವಾ ಅಂಡಾಶಯದ ಪಕ್ಕದ ಪೊರೆಯಲ್ಲಿ ಹಳದಿ ಛಾಯೆಯ ಉದ್ದನೆಯ ಎಳೆಯಂತೆ ಅಂಟಿಕೊಂಡಿರುತ್ತದೆ. ಮೆದುಳಿನ ಹೈಪೋಥಲಾಮಸ್ ಸಿಆರ್‌ಎಫ್ ಎಂಬ ಹಾರ್ಮೋನು ಸುರಿಸಿದರೆ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನು ಬಿಡುತ್ತದೆ. ಅದು ತಲುಪಿದಾಗ ಈ ಎಳೆ ಕಾರ್ಟಿಕೋಸ್ಟೆರೋನ್ ಹೊರಹಾಕುತ್ತದೆ. ಆ ಹಾರ್ಮೋನು ಹೆಚ್ಚಾದಾಗ ಮೆದುಳೇ ಆಜ್ಞೆಯನ್ನು ತಗ್ಗಿಸುತ್ತದೆ.

ಮೈ ಬಿಸಿಯನ್ನು ಬಿಸಿಲಿನಿಂದ ಪಡೆಯುವ ಪ್ರಾಣಿಯಲ್ಲಿ ಹಾರ್ಮೋನಿನ ಏರಿಳಿತಕ್ಕೆ ಹವೆಯೇ ಕಾರಣ, ಮೆದುಳಿಗೇಕೆ ಇಷ್ಟು ಪಟ್ಟ ಎಂದು ಕೇಳಬಹುದು. ಉಷ್ಣತೆ ವೇಗವನ್ನು ಬದಲಿಸುತ್ತದೆ, ಒಪ್ಪೋಣ. ಆದರೆ ಪಿಟ್ಯುಟರಿ ತೆಗೆದ ಹಲ್ಲಿಗಳಲ್ಲಿ ಕಾರ್ಟಿಕೋಸ್ಟೆರೋನ್‌ನಂಥ ಸ್ಟೆರಾಯ್ಡ್ ತಯಾರಿಸುವ ಅಡ್ರಿನಲ್ ಅಂಗಾಂಶ ಸೊರಗುತ್ತದೆ. ಬಿಸಿಲು ಆ ಕೊರತೆಯನ್ನು ತುಂಬಿಕೊಡದು. ಅದೇ ಗ್ರಂಥಿಯಲ್ಲಿ ಅಡ್ರಿನಲಿನ್ ವರ್ಗದ ಹಾರ್ಮೋನುಗಳನ್ನು ಸ್ರವಿಸುವ ಕೋಶಗಳಿಗಂತೂ ಆಜ್ಞೆ ನರಗಳ ಮೂಲಕ ಬರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಭಯದಂಥ ಒತ್ತಡದಿಂದ ಸಂತಾನೋತ್ಪತ್ತಿ ಕುಂದುವುದು ಮೆದುಳು ಅಂಡಾಶಯವನ್ನು ಬೆಳೆಸುವ ಹಾರ್ಮೋನಾದ ಎಫ್‌ಎಸ್‌ಎಚ್ ಕಡಿಮೆ ಮಾಡುವುದರಿಂದ, ಅಡ್ರಿನಲ್‌ನ ಪಾತ್ರವೇನೂ ಇಲ್ಲ ಎಂಬುದು. ಇಲ್ಲಿ ಮೈಸೂರು ವಿಶ್ವವಿದ್ಯಾಲಯದ ಗಣೇಶ್ ಮತ್ತು ಯಜುರ್ವೇದಿ 2002ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಲು ಮುಖ್ಯ. ಹಾವುರಾಣಿಗಳನ್ನು ಒತ್ತಡಕ್ಕೆ ಒಳಪಡಿಸಿದಾಗ ಋತುಮಾನದ ಅಂಡಾಶಯದ ಬೆಳವಣಿಗೆ ಕುಂಠಿತವಾಯಿತು. ಹೊರಗಿನಿಂದ ಎಫ್‌ಎಸ್‌ಎಚ್ ಕೊಟ್ಟಾಗಿನ ಬೆಳವಣಿಗೆಗೂ ಒತ್ತಡ ಅಡ್ಡಬಂತು. ಕೊರತೆ ಎಫ್‌ಎಸ್‌ಎಚ್‌ನದಷ್ಟೇ ಆಗಿದ್ದರೆ ಚುಚ್ಚುಮದ್ದು ಅದನ್ನು ನೀಗಬೇಕಿತ್ತು. ಹಾಗಾಗಿ ತಡೆ ಅಂಡಾಶಯದ ಮಟ್ಟದಲ್ಲೂ ಬಿದ್ದಿದೆ. ಮೆದುಳಿನ ಮಾತನ್ನು ಅಲ್ಲಿಗೆ ಒಯ್ಯಬಲ್ಲ ದೂತ ಪಕ್ಕದಲ್ಲೇ ಇರುವ ಅಡ್ರಿನಲ್ ಎಂದು ನನ್ನ ಊಹೆ. ಕಾರ್ಟಿಕೋಸ್ಟೆರೋನ್ ಹೊರತು ಬೇರೆ ದಾರಿಗಳೂ ಇರಬಹುದು.

ಈ ತಿಳಿವಳಿಕೆ ನಮ್ಮ ಕೆಲಸದ ಕ್ರಮವನ್ನೂ ಬದಲಿಸುತ್ತದೆ. ಹಿಡಿಯುವುದೇ ಒತ್ತಡ; ಆದ್ದರಿಂದ ಸಹಜ ಮಟ್ಟ ಬೇಕೆಂದರೆ ಹಿಡಿದ ಸುಮಾರು 3 ನಿಮಿಷದೊಳಗೆ ರಕ್ತ ತೆಗೆಯುವುದು ರೂಢಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸುತ್ತಲಿನ ಕಾಡಿನಲ್ಲಿ ಹಾವುರಾಣಿಯ ಮೇಲೆ ಅಧ್ಯಯನಕ್ಕೆ ಹೊರಡುವ ವಿದ್ಯಾರ್ಥಿ ಹಾರ್ಮೋನಿನ ಅಂಕಿಯ ಪಕ್ಕದಲ್ಲೇ ಕೈ ತಾಗಿದ ಗಳಿಗೆಯನ್ನೂ ಬರೆದಿಡಬೇಕು.