ಒಂದು ಕಿರುಹೊತ್ತಗೆಯ ವಿಜಯ



ನಾನು ನಿಮ್ಮಷ್ಟೇ ಚಿಕ್ಕವನಾಗಿದ್ದಾಗ ನಮ್ಮೂರ ಜಾತ್ರೆಯಲ್ಲಿ ಕುರಿ ಕೊಯ್ದವರು ನೀರುಗುಳ್ಳೆ ತುಂಬಿದ ಈಲಿಯೊಂದನ್ನು, “ಇದು ಅಡಿಗೆಗೆ ಆಗದು” ಎಂದು ನನ್ನ ಕೈಗಿತ್ತರು. ನಾನದನ್ನು ಮನೆಯ ನಾಯಿಗೆ ಹಾಕಿ, ಮೂಕಪ್ರಾಣಿಯ ಹಸಿವನ್ನು ತಣಿಸಿದೆನೆಂದು ಹಿಗ್ಗಿದೆನು. ಹಲವು ವರ್ಷಗಳ ತರುವಾಯ, ಕುರಿ ಮೇಯಿಸುತ್ತಿದ್ದ ನನ್ನ ಸೋದರಮಾವನ ಹೊಟ್ಟೆಯಿಂದ ಶಸ್ತ್ರವೈದ್ಯರು ಅಂಥದೇ ಗುಳ್ಳೆಯನ್ನು ಹೊರತೆಗೆದರು. ಅದು ಯಾವ ನಾಯಿಯಿಂದ ಬಂದಿತೆಂದು ಹೇಳಬಲ್ಲವರಾರು? ಆದರೆ ನನ್ನ ಆ ದಿನದ ದಯೆ ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಈ ರೋಗಕ್ಕೆ ಹೈಡಾಟಿಡ್ ರೋಗವೆಂದು ಹೆಸರು. ನಾಯಿಯ ಸಣ್ಣಕರುಳಿನಲ್ಲಿ ವಾಸಿಸುವ, ಸುಮಾರು ಅರ್ಧ ಸೆಂಟಿಮೀಟರ್ ಉದ್ದದ ಲಾಡಿಹುಳುವೇ ಇದರ ಮೂಲ. ಹುಳುವಿನ ತತ್ತಿಗಳು ನಾಯಿಯ ಮಲದೊಡನೆ ಹುಲ್ಲುಗಾವಲನ್ನು ಸೇರುತ್ತವೆ. ಮೇಯುವ ಕುರಿಯ ಹೊಟ್ಟೆಯನ್ನು ಹೊಕ್ಕ ತತ್ತಿ ಒಡೆದು, ಮರಿಯು ರಕ್ತದ ಮೂಲಕ ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಆ ಗುಳ್ಳೆಯನ್ನು ನಾಯಿ ತಿಂದರೆ ಚಕ್ರವು ಪೂರ್ಣವಾಯಿತು. ಮನುಷ್ಯನು ಇದರಲ್ಲಿ ಅಕಸ್ಮಾತ್ತಾಗಿ ಸಿಕ್ಕಿಬೀಳುವವನು. ನಾಯಿಯನ್ನು ಮುದ್ದಿಸಿದ ಕೈಯನ್ನು ತೊಳೆಯದೆ ಉಂಡರೆ, ತೊಳೆಯದ ಹಸಿ ಸೊಪ್ಪನ್ನು ತಿಂದರೆ, ತತ್ತಿಯು ಅವನ ಹೊಟ್ಟೆಯನ್ನೂ ಸೇರೀತು. ಗುಳ್ಳೆಯು ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುವುದರಿಂದ ರೋಗಿಗೆ ಬಹುಕಾಲ ತಿಳಿಯುವುದೇ ಇಲ್ಲ. ಕುರಿಮಾಂಸವನ್ನು ತಿಂದುದರಿಂದ ಈ ರೋಗ ಬರುವುದೆಂದು ಭಾವಿಸುವುದು ತಪ್ಪು. ಮನುಷ್ಯನಿಗೆ ಅಪಾಯವಿರುವುದು ನಾಯಿಯ ಮಲದಲ್ಲಿರುವ ತತ್ತಿಯಿಂದ.

19ನೆಯ ಶತಮಾನದಲ್ಲಿ ಈ ರೋಗವು ಐಸ್‌ಲೆಂಡ್ ದ್ವೀಪವನ್ನು ಬಹಳವಾಗಿ ಪೀಡಿಸುತ್ತಿದ್ದಿತು. ಕುರಿಗಳೇ ಅಲ್ಲಿಯ ರೈತರ ಸಂಪತ್ತು. ಕುರಿಗಳ ಬೆನ್ನಿಗೆ ನಾಯಿಗಳು. ಕುರಿಯ ಗುಳ್ಳೆಯನ್ನು ತಿನಿಸಿದ ನಾಯಿಯಲ್ಲಿ ಲಾಡಿಹುಳು ಬೆಳೆಯುವುದೆಂದು ಜರ್ಮನಿಯ ವಿಜ್ಞಾನಿ ಸೀಬೋಲ್ಡ್ 1853ರಲ್ಲಿ ತೋರಿಸಿಕೊಟ್ಟಿದ್ದನು. 1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಐಸ್‌ಲೆಂಡಿಗೆ ಹೋಗಿ 100 ನಾಯಿಗಳನ್ನು ಪರೀಕ್ಷಿಸಲು, 28ರಲ್ಲಿ ಈ ಹುಳು ಕಂಡುಬಂದಿತು. ಆತನು ಮೊದಲು ಕೈಗೆತ್ತಿಕೊಂಡ ಆಯುಧ ಲೇಖನಿ! ರೋಗದ ಬಗೆಯನ್ನು ಸರಳವಾಗಿ ವಿವರಿಸುವ ಆತನ ಕಿರುಹೊತ್ತಗೆ, 1864ರಲ್ಲಿ ಆ ಜನರ ನುಡಿಯಲ್ಲೇ ಅಚ್ಚಾಗಿ ಮನೆಮನೆಗೂ ಉಚಿತವಾಗಿ ಹಂಚಲ್ಪಟ್ಟಿತು. ಚಳಿಗಾಲದ ಇರುಳಿನಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಿರಲು, ಉಳಿದವರು ಉಣ್ಣೆಯ ಕೆಲಸ ಮಾಡುತ್ತ ಕೇಳುವ ವಾಡಿಕೆ ಆ ನಾಡಿನಲ್ಲಿದ್ದಿತು. ಓದು ಬಲ್ಲ ಜನಕ್ಕೆ ಕಾರಣ ತಿಳಿದ ಮೇಲೆ ಕಾಯಿದೆಯೂ ಬಲ ಪಡೆಯಿತು. 1869ರಲ್ಲಿ ನಾಯಿಗಳ ಸಂಖ್ಯೆಗೆ ಮಿತಿ ಬಂದಿತು. 1890ರ ಕಾಯಿದೆಯು ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಸಿಗದಂತೆ ನಾಶಮಾಡಬೇಕೆಂದೂ, ನಾಯಿಗಳಿಗೆ ವರ್ಷಕ್ಕೊಮ್ಮೆ ಹುಳುವಿನ ಮದ್ದು ಕೊಡಬೇಕೆಂದೂ ವಿಧಿಸಿತು. 20ನೆಯ ಶತಮಾನದಲ್ಲಿ ರೋಗವು ಅಲ್ಲಿಂದ ಕಣ್ಮರೆಯಾಯಿತು.

ಮುಂದೆ ನ್ಯೂಜಿಲೆಂಡಿನಲ್ಲಿ ನಾಯಿಗಳಿಗೆ ಕೊಟ್ಟ ಮದ್ದುಗಳಲ್ಲಿ ಅರೆಕೋಲಿನ್ ಒಂದು. ಅದು ನಮ್ಮ ಮಲೆನಾಡಿನ ಅಡಿಕೆಯಲ್ಲಿರುವ ಸತ್ವವೇ. ಇಂದು ಪ್ರಾಜಿಕ್ವಾಂಟೆಲ್ ಎಂಬ ಉತ್ತಮ ಮಾತ್ರೆಯುಂಟು; ಅದನ್ನು ಪಶುವೈದ್ಯರು ಕೊಡುವರು.

ಮಕ್ಕಳೇ, ನಮ್ಮ ದೇಶವು ಈ ರೋಗದಿಂದ ಇನ್ನೂ ಮುಕ್ತವಾಗಿಲ್ಲ. ರಜೆಯಲ್ಲಿ ನೀವು ಊರಿಗೆ ಹೋಗುವಿರಿ. ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆದು ಉಣ್ಣಿರಿ. ಕುರಿ ಕೊಯ್ದಲ್ಲಿ ಗುಳ್ಳೆಯ ಈಲಿಯನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳುವಂತೆ ಹಿರಿಯರಲ್ಲಿ ವಿನಯದಿಂದ ಅರಿಕೆ ಮಾಡಿರಿ. ನನಗೆ ಅಂದು ಇದನ್ನು ಹೇಳುವವರಿರಲಿಲ್ಲ. ನಿಮ್ಮ ಅಜ್ಜ ಅಜ್ಜಿಯರಿಗೆ ಈ ಪುಟವನ್ನು ಕನ್ನಡದಲ್ಲಿ ಓದಿ ಹೇಳಬಲ್ಲವರು ನೀವಿರುವಿರಿ.