ಇಳಿವಯಸ್ಸಿನ ವ್ರತಪಾಲನೆ: ಶಕ್ತಿಗನುಗುಣವಾದ ತಪಸ್ಸು

ಅರವತ್ತು ದಾಟಿದ ಶ್ರಾವಕ-ಶ್ರಾವಿಕೆಯರಲ್ಲಿ ಎರಡು ಬಗೆಯ ಮನೋಭಾವಗಳು ಕಂಡುಬರುತ್ತವೆ. ‘ದಶಲಕ್ಷಣ ಪರ್ವದ ಹತ್ತು ದಿನವೂ ಉಪವಾಸ ಮಾಡಿದವನು ನಾನು, ಈಗೇಕೆ ಕಡಮೆ ಮಾಡಲಿ?’ ಎಂಬುದು ಒಂದು. ‘ಇನ್ನು ನನ್ನಿಂದ ಏನೂ ಆಗದು, ಬೇಗ ಕಣ್ಣು ಮುಚ್ಚಿದರೆ ಸಾಕು’ ಎಂಬುದು ಇನ್ನೊಂದು. ಮೊದಲನೆಯದರಿಂದ ದೇಹಕ್ಕೆ ಕೇಡು, ಎರಡನೆಯದರಿಂದ ಪರಿಣಾಮಕ್ಕೆ ಕೇಡು. ಎರಡಕ್ಕೂ ಶಾಸ್ತ್ರದಲ್ಲಿಯೇ ಸಮಾಧಾನವಿದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಷೋಡಶ ಭಾವನೆಗಳನ್ನು ಹೇಳುವಾಗ, ತ್ಯಾಗ ಮತ್ತು ತಪಸ್ಸುಗಳಿಗೆ ‘ಶಕ್ತಿತಃ’ ಎಂಬ ಪದವನ್ನು ಸೇರಿಸಿದ್ದಾರೆ. ಇದ್ದ ಶಕ್ತಿಯನ್ನು ಬಚ್ಚಿಡದೆ, ಮೋಕ್ಷಮಾರ್ಗಕ್ಕೆ ವಿರೋಧ ಬಾರದಂತೆ ಮಾಡುವುದೇ ತಪಸ್ಸು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಆದುದರಿಂದ ಶಕ್ತಿಯನ್ನು ಅಡಗಿಸುವುದೂ ದೋಷ; ಶಕ್ತಿ ಮೀರಿ ಮೂರ್ಛೆಹೋಗಿ ಸಾಮಾಯಿಕವನ್ನೂ ಸ್ವಾಧ್ಯಾಯವನ್ನೂ ಕಳೆದುಕೊಳ್ಳುವುದೂ ದೋಷವೇ.

ವಯಸ್ಸಾದಂತೆ ಶಕ್ತಿಯ ಅಳತೆ ಬದಲಾಗುತ್ತದೆ. ಬಾಯಾರಿಕೆಯ ಅರಿವು ಮಂದವಾಗುತ್ತದೆ, ನೀರನ್ನು ಉಳಿಸಿಕೊಳ್ಳುವ ಮೂತ್ರಪಿಂಡಗಳ ಸಾಮರ್ಥ್ಯ ಕುಗ್ಗುತ್ತದೆ, ಮಾಂಸಖಂಡಗಳು ಕ್ಷೀಣಿಸುತ್ತವೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಆಹಾರ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಪ್ರಾಣಾಪಾಯವೂ ಆಗಬಹುದು. ನೀರನ್ನೂ ಬಿಡುವ ಚತುರ್ವಿಧಾಹಾರ ತ್ಯಾಗಕ್ಕೆ ಮೊದಲು ಇಂಥವರು ವೈದ್ಯರನ್ನು ಕೇಳಲೇಬೇಕು. ರಾತ್ರಿಭೋಜನ ತ್ಯಾಗವಿರುವವರು ರಾತ್ರಿಯ ಮಾತ್ರೆಯನ್ನು ತಾವಾಗಿಯೇ ಬಿಡಬಾರದು. ಸೂರ್ಯಾಸ್ತಕ್ಕೆ ಮುಂಚೆ ತೆಗೆದುಕೊಳ್ಳುವಂತೆ ವೇಳೆಯನ್ನು ಹೊಂದಿಸಿಕೊಡಲು ವೈದ್ಯರಲ್ಲಿ ಸ್ಪಷ್ಟವಾಗಿ ಕೇಳಬೇಕು.

ಹಾಗಾದರೆ ಉಪವಾಸ ಬಿಟ್ಟವನಿಗೆ ತಪಸ್ಸೇ ಇಲ್ಲವೇ? ಖಂಡಿತ ಇದೆ. ತಪಸ್ಸು ಹನ್ನೆರಡು ಬಗೆ. ಅನಶನ ಅವುಗಳಲ್ಲಿ ಒಂದು ಮಾತ್ರ. ಅವಮೌದರ್ಯವೆಂದರೆ ಹಸಿವಿಗಿಂತ ಕಡಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯರದು 28 ತುತ್ತು ಎಂದು ಹೇಳಿ, ಅದರಲ್ಲಿ ಒಂದು ತುತ್ತು ಕಡಮೆ ಮಾಡಿದರೂ ಅದು ತಪಸ್ಸೆಂದು ಶಾಸ್ತ್ರ ಎಣಿಸಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರರಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ. ಮಧುಮೇಹಿಯು ವೈದ್ಯನ ಅಂಜಿಕೆಯಿಂದ ಸಿಹಿ ಬಿಟ್ಟರೆ ಅದು ಪಥ್ಯ. ಜಿಹ್ವಾಲೋಲುಪತೆಯನ್ನು ಗೆಲ್ಲಲು ಸಂಕಲ್ಪಪೂರ್ವಕವಾಗಿ ಬಿಟ್ಟರೆ ತಪಸ್ಸು. ಬಿಡುವ ಪದಾರ್ಥ ಒಂದೇ, ಭಾವ ಬೇರೆ. ಆದರೆ ಮೊದಲೇ ಕೃಶರಾದವರು ಬೇಳೆ-ಹಾಲುಗಳನ್ನು ಬಿಡುವುದು ಯುಕ್ತವಲ್ಲ.

ವ್ರತ ಸ್ವೀಕರಿಸುವ ಕ್ರಮದಲ್ಲಿಯೂ ವಿವೇಕ ಬೇಕು. ಕಾಲಮಿತಿಯುಳ್ಳ ತ್ಯಾಗ ನಿಯಮ, ಆಜೀವ ತ್ಯಾಗ ಯಮ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಭೇದ ಮಾಡಿದ್ದಾರೆ. ಆರೋಗ್ಯ ಅನಿಶ್ಚಿತವಾಗಿರುವ ವಯಸ್ಸಿನಲ್ಲಿ ‘ಮುಂದಿನ ಅಷ್ಟಮಿಯವರೆಗೆ’ ಎಂಬ ನಿಯಮವೇ ಕ್ಷೇಮ. ಹಿಂದೆ ತೆಗೆದುಕೊಂಡ ಯಮವನ್ನು ಪಾಲಿಸಲಾಗದಿದ್ದರೆ ಅದನ್ನು ಮನೆಯವರಿಂದ ಮುಚ್ಚಿಡದೆ ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತ ಪಡೆಯಬೇಕು. ಪ್ರಾಯಶ್ಚಿತ್ತವೂ ಅಂತರಂಗ ತಪಸ್ಸೇ.

ಬೆಳಗಿನ ಬೆಳಕಿನಲ್ಲಿ ಬಸದಿಗೆ ನಡೆದು ಹೋಗುವವರು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಲಿ. ಮುನಿಗಳ ಈರ್ಯಾಸಮಿತಿಯ ಈ ಅಭ್ಯಾಸದಿಂದ ಇರುವೆಯ ಪ್ರಾಣವೂ ಉಳಿಯುತ್ತದೆ, ಮುಪ್ಪಿನವರ ಕಾಲೂ ಜಾರುವುದಿಲ್ಲ. ಒಂದು ಸಾಮಾಯಿಕಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ. ನೆಲದ ಮೇಲೆ ಕುಳಿತುಕೊಳ್ಳಲಾಗದವರು ಕುರ್ಚಿಯಲ್ಲಿ ಕುಳಿತೇ ಮಾಡಲಿ. ಸಮತೆ ಇರಬೇಕಾದುದು ಮೊಣಕಾಲಿನಲ್ಲಲ್ಲ.

ಇನ್ನು ‘ನನ್ನಿಂದ ಏನೂ ಆಗದು’ ಎಂಬ ಮಾತು. ಸ್ವಾಧ್ಯಾಯಕ್ಕೆ ಐದು ಅಂಗಗಳಿವೆ: ವಾಚನ, ಪೃಚ್ಛನ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಕಣ್ಣು ಮಂಜಾದ ಅಜ್ಜಿಗೆ ಮೊಮ್ಮಗಳು ಓದಿ ಹೇಳಿದರೆ ವಾಚನ. ಮೊಮ್ಮಗಳು ಕೇಳಿದರೆ ಪೃಚ್ಛನ. ಅಜ್ಜಿ ಅದನ್ನು ಮತ್ತೆ ಮತ್ತೆ ನೆನೆದರೆ ಅನುಪ್ರೇಕ್ಷೆ. ಇಬ್ಬರೂ ಕೂಡಿ ಶುದ್ಧವಾಗಿ ಪಠಿಸಿದರೆ ಆಮ್ನಾಯ. ಅಜ್ಜಿ ಕಥೆ ಹೇಳಿದರೆ ಧರ್ಮೋಪದೇಶ. ಒಂದೇ ಜಗುಲಿಯ ಮೇಲೆ ಐದೂ ನೆರವೇರಿದವು. ನೆರೆಯ ರೋಗಿಯ ಬಳಿ ಅರ್ಧ ಗಂಟೆ ಕುಳಿತು ಬರುವುದು ವೈಯಾವೃತ್ಯ. ಇದಕ್ಕೆ ತೋಳ್ಬಲ ಬೇಡ, ಬಿಡುವು ಬೇಕು. ಬಿಡುವು ಮುಪ್ಪಿನ ಸಂಪತ್ತು.

ಬೇಗ ಸಾಯಲಿ ಎಂಬ ಹಂಬಲವನ್ನು ಕೆಲವರು ವೈರಾಗ್ಯವೆಂದು ಭ್ರಮಿಸುತ್ತಾರೆ. ಸಲ್ಲೇಖನದ ಹೆಸರನ್ನೂ ಎತ್ತುತ್ತಾರೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಬದುಕಿನ ಆಸೆಯಾದ ಜೀವಿತಾಶಂಸೆ ಹೇಗೆ ಅತಿಚಾರವೋ, ಸಾವಿನ ಆಸೆಯಾದ ಮರಣಾಶಂಸೆಯೂ ಹಾಗೆಯೇ ಅತಿಚಾರ. ಬೇಸರದಿಂದ ಅನ್ನ ಬಿಡುವುದು ವ್ರತವಲ್ಲ, ಆರ್ತಧ್ಯಾನ. ಮನೆಯ ಹಿರಿಯರು ಮೌನವಾಗಿ ಊಟ ಬಿಡತೊಡಗಿದರೆ ಅದನ್ನು ಭಕ್ತಿಯೆಂದು ಸುಮ್ಮನಿರದೆ, ಬಳಿ ಕುಳಿತು ಕಾರಣ ಕೇಳುವುದು ಮಕ್ಕಳ ಧರ್ಮ. ದುಃಖ ಗಾಢವಾಗಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಔಷಧದಾನವೂ ಚತುರ್ವಿಧ ದಾನಗಳಲ್ಲಿ ಒಂದು.

ಮನನಕ್ಕೆ: 1. ನಮ್ಮ ಮನೆಯ ಹಿರಿಯರ ಈಗಿನ ಶಕ್ತಿಗೆ ಹೊಂದುವ ತಪಸ್ಸು ಹನ್ನೆರಡರಲ್ಲಿ ಯಾವುದು? 2. ಪಥ್ಯಕ್ಕೂ ರಸಪರಿತ್ಯಾಗಕ್ಕೂ ಭೇದವೇನು? 3. ಬರುವ ಅಷ್ಟಮಿಯವರೆಗೆ ನಾನು ಕೈಗೊಳ್ಳಬಹುದಾದ ಒಂದು ಚಿಕ್ಕ ನಿಯಮ ಯಾವುದು? ಮೂರನೆಯ ಪ್ರಶ್ನೆಗೆ ಉತ್ತರವನ್ನು ಬರೆಯುವುದು ಬೇಡ, ಆಚರಿಸಿದರೆ ಸಾಕು.